ಗುಡ್ಡ ಕುಸಿದಾಗ ಮಗು ಕೇಳುವ ಪ್ರಶ್ನೆ

2018ರ ಆಗಸ್ಟ್ ತಿಂಗಳ ನಡುವೆ ಕೊಡಗಿನ ಮಕ್ಕಂದೂರು, ಜೋಡುಪಾಲ, ಹಟ್ಟಿಹೊಳೆ, ಕಾಲೂರು ಮುಂತಾದ ಕಡೆಗಳಲ್ಲಿ ಗುಡ್ಡಗಳು ಕುಸಿದವು. ಮನೆ, ಕಾಫಿ ತೋಟ, ಗದ್ದೆ, ರಸ್ತೆಗಳು ಕೆಸರಿನಲ್ಲಿ ಹೂತುಹೋದವು. ಜೀವಹಾನಿಯೂ ಆಯಿತು. ಸಾವಿರಾರು ಜನ ಶಾಲೆ, ಸಮುದಾಯ ಭವನಗಳಲ್ಲಿ ತೆರೆದ ಪರಿಹಾರ ಕೇಂದ್ರಗಳನ್ನು ಸೇರಿದರು. ಇಂಥ ಹೊತ್ತಿನಲ್ಲಿ ದೊಡ್ಡವರ ಚಿಂತೆ ಮನೆ, ಸಾಲ, ಪರಿಹಾರಧನದ್ದು. ಮಕ್ಕಳ ಚಿಂತೆಯೇ ಬೇರೆ. ಭಾನುವಾರ ತಪ್ಪದೆ ಚರ್ಚಿಗೆ ಹೋಗುವ, ಮಲಗುವ ಮುನ್ನ ಪ್ರಾರ್ಥನೆ ಮಾಡುವ ಮನೆಯ ಮಗುವಾದರೆ ಅದು ನೇರವಾಗಿಯೇ ಕೇಳುತ್ತದೆ: ‘ದೇವರು ನಮ್ಮನ್ನು ಪ್ರೀತಿಸುತ್ತಾನೆ ಅಂತೀರಿ. ಹಾಗಾದರೆ ನಮ್ಮ ಮನೆ ಯಾಕೆ ಹೋಯಿತು?’

ಗುಡ್ಡ ಕುಸಿದಾಗಲೇ ಈ ಪ್ರಶ್ನೆ ಹುಟ್ಟಬೇಕೆಂದಿಲ್ಲ. ಅಪ್ಪನ ಕಾಯಿಲೆ, ಅಜ್ಜಿಯ ಸಾವು, ಮೆಣಸಿನ ಬೆಲೆ ಬಿದ್ದು ಶಾಲೆಯ ಶುಲ್ಕ ಕಟ್ಟಲಾಗದ ವರ್ಷ, ಇವೆಲ್ಲವೂ ಮಗುವಿನ ಬಾಯಲ್ಲಿ ಇದೇ ಪ್ರಶ್ನೆಯನ್ನು ಹುಟ್ಟಿಸುತ್ತವೆ. ದೊಡ್ಡವರು ಸಾಮಾನ್ಯವಾಗಿ ಎರಡು ಉತ್ತರಗಳಲ್ಲಿ ಒಂದನ್ನು ಕೊಡುತ್ತಾರೆ. ಒಂದು, ‘ಯಾರೋ ಪಾಪ ಮಾಡಿದ್ದಕ್ಕೆ ದೇವರು ಕೊಟ್ಟ ಶಿಕ್ಷೆ’. ಇನ್ನೊಂದು, ‘ಹಾಗೆಲ್ಲ ಕೇಳಬಾರದು, ಸುಮ್ಮನಿರು’. ಮೊದಲನೆಯದು ಮಗುವಿನಲ್ಲಿ ಹೆದರಿಕೆ ತುಂಬುತ್ತದೆ. ಎರಡನೆಯದು ಅದರ ಬಾಯಿ ಮುಚ್ಚಿಸುತ್ತದೆ. ಎರಡರಿಂದಲೂ ನಂಬಿಕೆ ಬೆಳೆಯುವುದಿಲ್ಲ.

ಮೊದಲು ನಿಜವಾದ ಕಾರಣವನ್ನು ಹೇಳಬೇಕು. ಒಂದು ಎಕರೆ ನೆಲದ ಮೇಲೆ ಒಂದು ಸೆಂಟಿಮೀಟರ್ ಮಳೆ ಬಿದ್ದರೆ ಅದರ ತೂಕ ಸುಮಾರು 40 ಟನ್. ದಿನಗಟ್ಟಲೆ ಸುರಿದ ಮಳೆ ಮಣ್ಣಿನೊಳಗೆ ಇಳಿದಾಗ ಇಳಿಜಾರಿನ ಭಾರ ಹೆಚ್ಚುತ್ತದೆ. ಕಣಗಳ ನಡುವೆ ತುಂಬಿದ ನೀರಿನ ಒತ್ತಡದಿಂದ ಅವು ಒಂದನ್ನೊಂದು ಹಿಡಿದಿಡುವ ಬಲ ಕುಗ್ಗುತ್ತದೆ. ರಸ್ತೆಗೋ ಮನೆಗೋ ಗುಡ್ಡದ ಬುಡ ಕಡಿದಿದ್ದರೆ ಆಧಾರವೂ ಇರುವುದಿಲ್ಲ. ಆಗ ಗುಡ್ಡ ಜಾರುತ್ತದೆ. ಅದರ ದಾರಿಯಲ್ಲಿ ಒಳ್ಳೆಯವರ ಮನೆಯೂ ಇರಬಹುದು, ಕೆಟ್ಟವರ ಮನೆಯೂ ಇರಬಹುದು. ಹತ್ತು ವರ್ಷದ ಮಗುವಿಗೆ ಇಷ್ಟು ಅರ್ಥವಾಗುತ್ತದೆ. ತಾನು ಹೇಳಿದ ಸುಳ್ಳಿನಿಂದಲೋ ತಪ್ಪಿಸಿದ ಪ್ರಾರ್ಥನೆಯಿಂದಲೋ ಮನೆ ಬಿತ್ತೆಂದು ಒಳಗೊಳಗೇ ಕೊರಗುವ ಮಗುವಿಗೆ ಈ ವಿವರಣೆ ದೊಡ್ಡ ಸಮಾಧಾನ.

ಇದು ವಿಜ್ಞಾನದ ಮಾತು, ಧರ್ಮಕ್ಕೆ ವಿರುದ್ಧ ಎಂದು ಕೆಲವರು ಭಾವಿಸಬಹುದು. ಆದರೆ ಬೈಬಲನ್ನೇ ತೆರೆದು ನೋಡಿದರೆ ಹಾಗಿಲ್ಲ. ಯೋಹಾನನ ಸುವಾರ್ತೆಯ 9ನೇ ಅಧ್ಯಾಯದಲ್ಲಿ ಹುಟ್ಟುಕುರುಡನೊಬ್ಬನನ್ನು ಕಂಡ ಶಿಷ್ಯರು, ಇದು ಯಾರ ಪಾಪದ ಫಲ, ಇವನದೋ ತಂದೆತಾಯಿಯದೋ ಎಂದು ಕೇಳುತ್ತಾರೆ. ಯಾರದೂ ಅಲ್ಲ ಎಂದು ಯೇಸು ಹೇಳಿ, ಆ ಮನುಷ್ಯನ ಆರೈಕೆಗೆ ತೊಡಗುತ್ತಾನೆ. ಲೂಕನ ಸುವಾರ್ತೆಯ 13ನೇ ಅಧ್ಯಾಯದಲ್ಲಿ ಬುರುಜು ಬಿದ್ದು 18 ಜನ ಸತ್ತ ಪ್ರಸಂಗ ಬರುತ್ತದೆ. ಸತ್ತವರು ಊರಿನ ಉಳಿದವರಿಗಿಂತ ಹೆಚ್ಚು ತಪ್ಪಿತಸ್ಥರೆಂಬ ಭಾವನೆಯನ್ನು ಯೇಸು ಅಲ್ಲಿಯೂ ತಳ್ಳಿಹಾಕುತ್ತಾನೆ. ಹೀಗಿರುವಾಗ ಮನೆ ಕಳೆದುಕೊಂಡ ಮಗುವಿಗೆ ಶಿಕ್ಷೆಯ ಕಥೆ ಹೇಳಲು ದೊಡ್ಡವರಿಗೆ ಆಧಾರವೇ ಇಲ್ಲ.

ಪ್ರಶ್ನೆ ಕೇಳುವುದೂ ಅಪರಾಧವಲ್ಲ. 150 ಕೀರ್ತನೆಗಳಲ್ಲಿ ಸುಮಾರು ಮೂರನೇ ಒಂದು ಪಾಲು ಅಳಲು, ದೂರು, ಮೊರೆಗಳೇ. ಶಿಲುಬೆಯ ಮೇಲೆ ಯೇಸು ಕೂಗಿ ಕೇಳಿದ್ದೂ ದೇವರು ತನ್ನನ್ನು ಏಕೆ ಕೈಬಿಟ್ಟನೆಂದೇ. ಇನ್ನು ಯೋಬನ ಕಥೆ. ಮಕ್ಕಳನ್ನೂ ಆಸ್ತಿಯನ್ನೂ ಕಳೆದುಕೊಂಡ ಅವನ ಬಳಿ ಮೂವರು ಗೆಳೆಯರು ಬಂದು ಏಳು ದಿನ ಮಾತಿಲ್ಲದೆ ನೆಲದ ಮೇಲೆ ಕುಳಿತರು. ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಆಮೇಲೆ ಬಾಯಿ ತೆರೆದು ಅವನ ತಪ್ಪು ಹುಡುಕಲು ಹೊರಟರು. ಕೊನೆಗೆ ದೇವರ ಕೋಪಕ್ಕೆ ಗುರಿಯಾದವರೂ ಅವರೇ.

ಹಾಗಾದರೆ ಮಗುವಿನಲ್ಲಿ ನಂಬಿಕೆ ಉಳಿಯುವುದು ಹೇಗೆ? ಜೊತೆಯಲ್ಲಿ ನಿಂತವರಿಂದ. ಕೊಡಗಿನ ಚರಿತ್ರೆಯಲ್ಲೇ ಇದಕ್ಕೆ ಎರಡು ಉದಾಹರಣೆಗಳಿವೆ. ಕೊನೆಯ ಅರಸ ಚಿಕ್ಕವೀರರಾಜೇಂದ್ರ 1834ರಲ್ಲಿ ರಾಜ್ಯ ಕಳೆದುಕೊಂಡು ಕಾಶಿ ಸೇರಿದ. ಅವನ ಮಗಳು ಗೌರಮ್ಮ ಹುಟ್ಟಿದ್ದು 1841ರಲ್ಲಿ. 1852ರಲ್ಲಿ ತಂದೆಯೊಡನೆ ಇಂಗ್ಲೆಂಡಿಗೆ ಹೋದ ಹನ್ನೊಂದರ ಬಾಲೆಗೆ ಅದೇ ವರ್ಷ ದೀಕ್ಷಾಸ್ನಾನವಾಯಿತು. ವಿಕ್ಟೋರಿಯಾ ರಾಣಿಯೇ ಧರ್ಮಮಾತೆಯಾಗಿ ತನ್ನ ಹೆಸರನ್ನಿಟ್ಟಳು. ಒಂದು ಮಗುವಿಗೆ ಇದಕ್ಕಿಂತ ವೈಭವದ ದೀಕ್ಷೆ ಸಿಗಲಾರದು. ಆದರೆ ಆಮೇಲೆ ಅವಳು ಬೆಳೆದದ್ದು ತಂದೆಯಿಂದ ದೂರ, ಆಂಗ್ಲ ಪೋಷಕರ ಆಶ್ರಯದಲ್ಲಿ. 1859ರಲ್ಲಿ ತಂದೆ ತೀರಿಕೊಂಡ. 1864ರಲ್ಲಿ, 23 ತುಂಬುವ ಮೊದಲೇ, ಅವಳೂ ತೀರಿಕೊಂಡಳು. ಹೆಸರು, ಸಮಾರಂಭ, ದೊಡ್ಡವರ ಕೃಪೆ ಎಲ್ಲವೂ ಅವಳಿಗಿದ್ದವು. ತನ್ನವರ ನಡುವಿನ ಬಾಲ್ಯ ಮಾತ್ರ ಇರಲಿಲ್ಲ.

ಇನ್ನೊಂದು ಉದಾಹರಣೆ ಅದಕ್ಕಿಂತ ಹಳೆಯದು. ಟಿಪ್ಪುವಿನ ಕಾಲದಲ್ಲಿ ಕರಾವಳಿಯಿಂದ ಶ್ರೀರಂಗಪಟ್ಟಣಕ್ಕೆ ಸೆರೆಯಾಗಿ ಹೋದ ಕ್ಯಾಥೊಲಿಕರಲ್ಲಿ ಕೆಲವರು ತಪ್ಪಿಸಿಕೊಂಡು ಕೊಡಗಿಗೆ ಬಂದರು. ಲಿಂಗಾಯತ ಅರಸ ದೊಡ್ಡವೀರರಾಜೇಂದ್ರ ಅವರಿಗೆ ವಿರಾಜಪೇಟೆಯಲ್ಲಿ ನೆಲೆ ಕೊಟ್ಟ. ಅಲ್ಲಿನ ಸಂತ ಅನ್ನಮ್ಮ ಚರ್ಚಿನ ಇತಿಹಾಸ ಶುರುವಾಗುವುದು 1792ರಲ್ಲಿ. ಎಲ್ಲವನ್ನೂ ಕಳೆದುಕೊಂಡು ಬಂದವರ ನಂಬಿಕೆ ಮಕ್ಕಳು ಮೊಮ್ಮಕ್ಕಳವರೆಗೆ ಉಳಿದು ಬಂದಿತು. ಅವರು ಒಟ್ಟಿಗೆ ಇದ್ದರು, ಒಟ್ಟಿಗೆ ಪ್ರಾರ್ಥಿಸಿದರು. ಬೇರೆ ಧರ್ಮದ ಅರಸನೊಬ್ಬ ಅವರಿಗೆ ಬಾಗಿಲು ತೆರೆದಿದ್ದ.

ಪೋಷಕರು ಮಾಡಬಹುದಾದದ್ದು ದೊಡ್ಡ ಕೆಲಸವೇನಲ್ಲ. ಮಗು ಕೇಳಿದಾಗ ಗದರದೆ ಪೂರ್ತಿ ಕೇಳಿಸಿಕೊಳ್ಳಬೇಕು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಬೇಕು. ಮನೆ ಇರಲಿ, ಬಾಡಿಗೆ ಕೋಣೆ ಇರಲಿ, ರಾತ್ರಿಯ ಪ್ರಾರ್ಥನೆಯ ಹೊತ್ತನ್ನು ತಪ್ಪಿಸಬಾರದು. ಕಷ್ಟದ ದಿನಗಳಲ್ಲಿ ಮಗುವಿಗೆ ಬದಲಾಗದ್ದೊಂದು ಬೇಕು. ಪ್ರಾರ್ಥನೆಯಲ್ಲಿ ತನ್ನ ಸಿಟ್ಟನ್ನೂ ಹೇಳಿಕೊಳ್ಳಲು ಅದಕ್ಕೆ ಅವಕಾಶವಿರಬೇಕು. ಪಕ್ಕದ ಮನೆಗೆ ಅನ್ನ ಕೊಟ್ಟುಬರುವ, ಗೆಳೆಯನ ನೋಟ್ಸ್ ಬರೆದುಕೊಡುವ ಸಣ್ಣ ಕೆಲಸಗಳನ್ನು ಮಗುವಿನ ಕೈಯಿಂದಲೇ ಮಾಡಿಸಬೇಕು. ವಾರಗಟ್ಟಲೆ ನಿದ್ರೆ ಬಾರದಿದ್ದರೆ, ಊಟ ಬಿಟ್ಟರೆ, ಮಳೆಯ ಸದ್ದಿಗೇ ನಡುಗಿದರೆ ವೈದ್ಯರಿಗೆ ತೋರಿಸಲು ಹಿಂಜರಿಯಬಾರದು. ಅದು ನಂಬಿಕೆಯ ಕೊರತೆಯಲ್ಲ.

ದೇವರು ಪ್ರೀತಿಸುತ್ತಾನೆಂಬ ಮಾತು ಮಗುವಿಗೆ ಪಾಠದಿಂದ ತಿಳಿಯುವುದು ಕಡಿಮೆ. ಮಳೆಯ ರಾತ್ರಿ ತನ್ನ ಪಕ್ಕದಲ್ಲಿ ಎಚ್ಚರವಾಗಿ ಕುಳಿತವರನ್ನು ನೋಡಿ ಅದು ಆ ಮಾತನ್ನು ನಂಬುತ್ತದೆ.