‘ಇದನ್ನೂ’ ಹೊರುವವರು

ಮೊನ್ನೆ ಚಳ್ಳಕೆರೆಯಿಂದ ಮೊಳಕಾಲ್ಮೂರಿಗೆ ಹೊರಟ ಬಸ್ಸಿನಲ್ಲಿ ನನ್ನ ಪಕ್ಕಕ್ಕೆ ಆರೋಗ್ಯ ಇಲಾಖೆಯ ದಾದಿಯೊಬ್ಬರು ಬಂದು ಕುಳಿತರು. ಹೆಗಲಿಗೆ ಲಸಿಕೆಯ ಪೆಟ್ಟಿಗೆ, ಕೈಯಲ್ಲಿ ಫೋನು. “ಮೊದಲು ರಿಜಿಸ್ಟರು ಹೊರುತ್ತಿದ್ದೆವು, ಮೇಷ್ಟ್ರೇ, ಈಗ ಇದನ್ನೂ ಹೊರುತ್ತೇವೆ” ಎಂದರು. ಆ ‘ಊ’ಕಾರವನ್ನು ಕನ್ನಡದ ಮೇಷ್ಟರು ಕೇಳಿಸಿಕೊಳ್ಳದೆ ಇದ್ದಾರೆಯೇ! ಪುಸ್ತಕ ಹೋಗಿಲ್ಲ, ಫೋನು ಬಂದಿದೆ.

ದಾದಿಗೂ ದಫ್ತರಕ್ಕೂ ನಂಟು ಹಳೆಯದೇ. ಆಸ್ಪತ್ರೆಗಳೆಲ್ಲ ಒಂದೇ ಮಾದರಿಯ ಲೆಕ್ಕವಿಡಬೇಕೆಂದು ಫ್ಲಾರೆನ್ಸ್ ನೈಟಿಂಗೇಲ್ 1863ರಲ್ಲಿಯೇ ವಾದಿಸಿದ್ದರು. 2021ರ ಸೆಪ್ಟೆಂಬರ್ 27ರಂದು ದೇಶವ್ಯಾಪಿಯಾಗಿ ಆರಂಭವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಅಭಿಯಾನವು ಪ್ರತಿಯೊಬ್ಬರಿಗೂ 14 ಅಂಕಿಗಳ ಆರೋಗ್ಯ ಸಂಖ್ಯೆಯನ್ನು ಕೊಡಹೊರಟಿದೆ. ಮೊಳಕಾಲ್ಮೂರಿನ ನೇಕಾರನೊಬ್ಬನು ಗಡಿಯಾಚೆ ಆಂಧ್ರದ ರಾಯದುರ್ಗದಲ್ಲಿ ಕಾಯಿಲೆ ಬಿದ್ದರೆ, ಅವನು ಒಪ್ಪಿದಲ್ಲಿ, ಅಲ್ಲಿಯ ವೈದ್ಯರೂ ಅವನ ಹಿಂದಿನ ದಾಖಲೆಯನ್ನು ನೋಡಬಹುದೆಂಬುದು ಉದ್ದೇಶ. ಇದು ಒಳ್ಳೆಯದೆಂಬುದರಲ್ಲಿ ನನಗೆ ಸಂದೇಹವಿಲ್ಲ.

ಆದರೆ ಈ ಸೀಮೆಯ ಕೆಲವು ಗೊಲ್ಲರಹಟ್ಟಿಗಳಲ್ಲಿ ಬಾಣಂತಿಯನ್ನೂ ಕೂಸನ್ನೂ ಹಟ್ಟಿಯ ಹೊರಗಿರಿಸುವ ರೂಢಿ ಪೂರ್ತಿ ಅಳಿದಿಲ್ಲ. “ಕೂಸಿನ ತೂಕ ತುಂಬುತ್ತೇನೆ, ಲಸಿಕೆಯ ದಿನಾಂಕ ತುಂಬುತ್ತೇನೆ. ಗುಡಿಸಲ ನೆಲ ತಣ್ಣಗಿದೆ ಎಂಬುದನ್ನು ಎಲ್ಲಿ ತುಂಬಲಿ?” ಎಂದು ಅವರು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಆ ತಂತ್ರಾಂಶವನ್ನು ರೂಪಿಸಿದ ಮಹನೀಯರು ಒಮ್ಮೆ ಈ ಬಸ್ಸನ್ನು ಹತ್ತಬಾರದೇ?

“ಆಮೇಲೆ ಏನು ಮಾಡಿದಿರಿ, ತಾಯಿ?”

“ಅತ್ತೆಯವರ ಕಾಲ ಬಳಿ ಕುಳಿತು ಮಾತಾಡಿದೆ. ಎರಡು ಸಲ ಬೈಸಿಕೊಂಡೆ. ಮೂರನೆಯ ಸಲ ಹೋದಾಗ ಬಾಣಂತಿಯನ್ನು ಒಳಗೆ ಕರೆದುಕೊಂಡಿದ್ದರು.”

ಫೋನಿನಲ್ಲಿ ಆ ಮೂರು ಭೇಟಿಗಳಿಗೂ ಇರುವುದು ಮೂರು ತೂಕಗಳು ಮಾತ್ರ.