ಕುಂಡದ ಮಣ್ಣಿನಲ್ಲಿ ಬರುವ ಹುಳು

ಸಸಿ ಕೊಳ್ಳುವಾಗ ತಳಿ ಕೇಳುತ್ತೇವೆ, ಬೆಲೆ ಚೌಕಾಸಿ ಮಾಡುತ್ತೇವೆ. ಬೇರಿಗಂಟಿದ ಮಣ್ಣಿನಲ್ಲಿ ಏನಿದೆಯೆಂದು ಮಾತ್ರ ನೋಡುವುದಿಲ್ಲ. ನೆಲವಾಸಿ ಚಪ್ಪಟೆ ಹುಳು ಊರೂರು ಸುತ್ತಿರುವುದು ಈ ಮಣ್ಣಿನಲ್ಲಿಯೇ. ಬೀಸಣಿಗೆಯಂತಹ ತಲೆ, ಉಂಗುರಗಳಿಲ್ಲದ ಅಂಟು ಮೈ, ಬೆನ್ನಿನುದ್ದಕ್ಕೂ ಕಪ್ಪು ಗೆರೆಗಳು: ಇದು ಜಿಗಣೆಯೂ ಅಲ್ಲ, ಎರೆಹುಳುವೂ ಅಲ್ಲ. 'ಬೈಪಾಲಿಯಂ ಕ್ಯುವೆನ್ಸೆ' ಎಂಬ ಈ ಪ್ರಭೇದದ ತವರು ಆಗ್ನೇಯ ಏಷ್ಯಾ. ಆದರೆ 1878ರಲ್ಲಿ ಅದಕ್ಕೆ ಹೆಸರಿಟ್ಟದ್ದು ಲಂಡನ್ನಿನ ಕ್ಯೂ ಉದ್ಯಾನದ ಗಾಜಿನ ಮನೆಯಲ್ಲಿ ಸಿಕ್ಕ ಹುಳುವಿನಿಂದ. ಅಷ್ಟು ದೂರ ಅದು ತೆವಳಿಕೊಂಡು ಹೋಗಿರಲಾರದು! ಭಾರತದಲ್ಲಿಯೂ ಅದು ದಾಖಲಾಗಿದೆ.

ತುಮಕೂರು ನಗರದ ತಾರಸಿಗೆ ಬರುವ ಅಲಂಕಾರಿಕ ಗಿಡ, ಗುಬ್ಬಿ, ಕುಣಿಗಲ್‌ ತೋಟಗಳಿಗೆ ಹೋಗುವ ಅಡಿಕೆ ಸಸಿ, ಎರಡಕ್ಕೂ ಇದೇ ಹಾದಿ. ಇದರ ಆಹಾರ ಎರೆಹುಳು. ಎರೆಗೊಬ್ಬರದ ತೊಟ್ಟಿಗೆ ಇದು ಹೊಕ್ಕರೆ ನಷ್ಟ ರೈತನದು. ಗುದ್ದಲಿಯಿಂದ ಕತ್ತರಿಸಿದರೆ ತುಂಡುಗಳೇ ಹೊಸ ಹುಳುಗಳಾಗುತ್ತವೆ. ಮೈಯಲ್ಲಿ ಟೆಟ್ರೊಡೊಟಾಕ್ಸಿನ್ ಎಂಬ ವಿಷವಿರುವುದು 2014ರಲ್ಲಿ ವರದಿಯಾಗಿದೆ. ಬರಿಗೈಯಲ್ಲಿ ಮುಟ್ಟದಿರುವುದು ಲೇಸು.

ಕಂಡದ್ದನ್ನೆಲ್ಲ ಕೊಲ್ಲಬೇಕೆಂದು ನಾನು ಹೇಳುತ್ತಿಲ್ಲ. ನಮ್ಮ ನೆಲದ್ದೇ ಆದ ಚಪ್ಪಟೆ ಹುಳುಗಳೂ ಇವೆ. ಹೊರಗಿನದನ್ನು ಬೇರ್ಪಡಿಸಲು ತಜ್ಞರೇ ಬೇಕು. ಹಿರೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರವು ರೈತರಿಂದ ಮಾದರಿ ಪಡೆದು ಗುರುತಿಸಿಕೊಡುವ ಏರ್ಪಾಡು ಮಾಡಬೇಕು. ತೋಟಗಾರಿಕೆ ಇಲಾಖೆ ನರ್ಸರಿಗಳನ್ನು ಪರಿಶೀಲಿಸುವಾಗ ಸಸಿಯೊಂದಿಗೆ ಮಣ್ಣನ್ನೂ ನೋಡಬೇಕು. ಗ್ರಾಹಕರಾದ ನಾವು ಮಾಡಬೇಕಾದದ್ದು ಇಷ್ಟೇ: ನೆಡುವ ಮೊದಲು ಕುಂಡವನ್ನೆತ್ತಿ ತಳ ನೋಡುವುದು. ಹಗಲಲ್ಲಿ ಅದು ಅಡಗುವುದು ಅಂತಹ ತೇವದಲ್ಲಿಯೇ. ಸಿಕ್ಕರೆ ಕಡ್ಡಿಯಿಂದೆತ್ತಿ ಮುಚ್ಚಳದ ಡಬ್ಬಿಗೆ ಹಾಕಿ, ಕೇಂದ್ರಕ್ಕೆ ಒಯ್ಯಬಹುದು.