ಬೇಸಿಕ್ ಎಷ್ಟು ಎಂದು ಮೊದಲು ಕೇಳಿ

ಕರಾವಳಿಯ ಹುಡುಗನೊಬ್ಬನಿಗೆ ದುಬೈ ವೀಸಾ ಬಂತು ಎಂದರೆ ಮನೆಯವರಿಂದ ಹಿಡಿದು ನೆರೆಕರೆಯವರೆಗೆ ಎಲ್ಲರದೂ ಒಂದೇ ಪ್ರಶ್ನೆ: ಸಂಬಳ ಎಷ್ಟು? ಎರಡೂವರೆ ಸಾವಿರ ದಿರ್ಹಮ್ ಎನ್ನುತ್ತಾನೆ ಅವನು. ಯಾರೋ ಅಲ್ಲೇ ಮೊಬೈಲ್ ತೆಗೆದು ರೂಪಾಯಿಗೆ ಗುಣಿಸುತ್ತಾರೆ, ಅಪ್ಪನ ಮುಖ ಅರಳುತ್ತದೆ. ಅದರಲ್ಲಿ ಬೇಸಿಕ್, ಅಂದರೆ ಮೂಲ ವೇತನ, ಎಷ್ಟು ಎಂದು ಯಾರೂ ಕೇಳುವುದಿಲ್ಲ. ಶಾರ್ಜಾದಲ್ಲಿ ಮಲಗಿ ದುಬೈಯಲ್ಲಿ ದುಡಿಯುವ ನನ್ನಂಥವರು ಊರಿಗೆ ಮುಟ್ಟಿಸಬೇಕಾದ ಸುದ್ದಿಗಳಲ್ಲಿ ಇದು ಎಲ್ಲಕ್ಕಿಂತ ತುರ್ತಿನದು.

ಊರಿನವರಿಗೆ ಕಾಣುವ ಗಲ್ಫ್ ಬೇರೆ. ರಜೆಯಲ್ಲಿ ಬಂದವನ ಪೆಟ್ಟಿಗೆ, ಅತ್ತರು, ಹೊಸ ಮನೆಯ ತಾರಸಿ ಅವರ ಕಣ್ಣಿಗೆ ಬೀಳುತ್ತವೆ. ಅದೇ ಮನುಷ್ಯ ವರ್ಷವಿಡೀ ಇರುವ ಜಾಗವನ್ನು ನಾನು ಹೇಳುತ್ತೇನೆ. ಶಾರ್ಜಾದ ರೋಲಾ ಪೇಟೆಯ ಹಳೆಯ ಕಟ್ಟಡ, ಒಂದು ಬೆಡ್‌ರೂಮಿನ ಫ್ಲ್ಯಾಟು. ಅದರ ಹಾಲ್‌ನಲ್ಲಿ ಮೂರು ಅಟ್ಟಣಿಗೆ ಮಂಚ, ಆರು ಜನ. ಒಂದೊಂದು ಹಾಸಿಗೆಗೂ ಒಂದು ಪರದೆ. ಬೆಡ್ ಸ್ಪೇಸ್ ಎಂದು ಬಾಡಿಗೆ ಕೊಡುವುದು ಆ ಪರದೆಯೊಳಗಿನ ಜಾಗಕ್ಕೆ. ಮಂಚದಡಿ ಸೂಟ್‌ಕೇಸ್, ಫ್ರಿಜ್‌ನೊಳಗೆ ಅವರವರ ಹೆಸರು ಮಾರ್ಕರ್‌ನಲ್ಲಿ ಬರೆದಿಟ್ಟ ಡಬ್ಬಿಗಳು. ಬೆಳಿಗ್ಗೆ ನಾಲ್ಕೂವರೆಗೆ ಬಚ್ಚಲಿನ ಸರದಿ ಶುರು. ಬಸ್ಸು ತಪ್ಪಿತೋ, ದುಬೈಗೆ ಹೋಗುವ ಇತ್ತಿಹಾದ್ ರಸ್ತೆಯ ದಟ್ಟಣೆಯಲ್ಲಿ ಅರ್ಧ ಹಗಲು ಹೋಯಿತೆಂದೇ ಲೆಕ್ಕ. ರಾತ್ರಿ ಮೆಸ್‌ನಲ್ಲಿ ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು. ಆಮೇಲೆ ಪರದೆ ಎಳೆದುಕೊಂಡು ಮನೆಗೆ ಫೋನು. ವಾಟ್ಸಾಪ್‌ನಲ್ಲಿ ಮೆಸೇಜು ಹೋಗುತ್ತದೆ, ಕರೆ ಹೋಗುವುದಿಲ್ಲ. ಅದಕ್ಕೆ ಅನುಮತಿ ಪಡೆದ ಬೋಟಿಮ್‌ನಂಥ ಆ್ಯಪ್ ಬೇಕು. ಪಕ್ಕದ ಹಾಸಿಗೆಯವನಿಗೆ ಬೆಳಗಿನ ಡ್ಯೂಟಿ ಇದೆಯೆಂದು ಹೆಂಡತಿಯ ಜತೆ ಪಿಸುಮಾತಿನಲ್ಲೇ ಜಗಳವನ್ನೂ ಮುಗಿಸಬೇಕು.

ಈ ಹಾಸಿಗೆಯಾದರೂ ಗಟ್ಟಿಯೇ? 2025ರ ಜೂನ್‌ನಲ್ಲಿ ದುಬೈ ಪಾಲಿಕೆ ಫ್ಲ್ಯಾಟುಗಳೊಳಗಿನ ಅನುಮತಿಯಿಲ್ಲದ ಪಾರ್ಟಿಷನ್‌ಗಳನ್ನು ತೆಗೆಸಲು ಹೊರಟಾಗ ರಿಗ್ಗಾ, ಸತ್ವಾ, ಬರ್ಷಾ ಕಡೆಯ ಎಷ್ಟೋ ಜನ ಬೇರೆ ಜಾಗ ಹುಡುಕಬೇಕಾಯಿತು. ಪಾಲಿಕೆಯನ್ನು ನಾನು ದೂರುವುದಿಲ್ಲ. ಕುವೈತ್‌ನ ಮಂಗಾಫ್‌ನಲ್ಲಿ 2024ರ ಜೂನ್ 12ರ ನಸುಕಿಗೆ ಕಾರ್ಮಿಕರ ಕಟ್ಟಡಕ್ಕೆ ಬೆಂಕಿ ಬಿದ್ದು ಸುಮಾರು 50 ಮಂದಿ ಸತ್ತರು, ಹೆಚ್ಚಿನವರು ನಮ್ಮ ದೇಶದವರು. ಕಿಕ್ಕಿರಿದ ಕಟ್ಟಡದಲ್ಲಿ ಮಲಗುವವರೆಲ್ಲರಿಗೂ ಆ ಭಯ ಇದ್ದೇ ಇದೆ. ಆದರೂ ಅಗ್ಗದ ಬಾಡಿಗೆಯ ಜಾಗ ಬೇರೆ ಇಲ್ಲದಾಗ ಅಲ್ಲೇ ಮಲಗುತ್ತಾರೆ, ಉಳಿಸಿದ ದುಡ್ಡು ಊರಿಗೆ ಹೋಗಬೇಕಲ್ಲ.

ಸಂಸಾರ ಕರೆತಂದವರ ಪಾಡೂ ಪೂರ್ತಿ ನಿಶ್ಚಿಂತೆಯದಲ್ಲ. ಬಾಡಿಗೆಗೆ ಮುಂದಿನ ದಿನಾಂಕದ ಚೆಕ್ಕು ಬರೆದುಕೊಡಬೇಕು. ಮಗುವಿನ ಶಾಲೆ, ಬ್ಯಾಂಕ್ ಸಾಲ, ಕಾರು ಎಲ್ಲವೂ ಎಮಿರೇಟ್ಸ್ ಐಡಿಗೆ ತಗುಲಿಕೊಂಡಿವೆ, ಐಡಿ ವೀಸಾಕ್ಕೆ, ವೀಸಾ ಕೆಲಸಕ್ಕೆ. ಕೆಲಸ ಹೋದರೆ ಇವಿಷ್ಟೂ ಒಟ್ಟಿಗೆ ಅಲುಗಾಡುತ್ತವೆ. ಇಲ್ಲೇ ಹುಟ್ಟಿ ಇಲ್ಲೇ ಓದಿದ ಮಗನನ್ನೂ ಅಪ್ಪ ತನ್ನ ವೀಸಾದಲ್ಲಿ ಇಟ್ಟುಕೊಳ್ಳಬಹುದಾದದ್ದು 25 ವರ್ಷದವರೆಗೆ. ಆಮೇಲೆ ಅವನೂ ತನ್ನದೇ ವೀಸಾ ಹುಡುಕಿಕೊಳ್ಳಬೇಕು. ದೀರ್ಘಾವಧಿಯ ಗೋಲ್ಡನ್ ವೀಸಾ ಸಿಕ್ಕವರ ಮಾತು ಬೇರೆ, ನಾನು ಹೇಳುತ್ತಿರುವುದು ಉಳಿದವರ ವಿಷಯ.

ಹೀಗೆ ಒಂದು ದಿನ ಬಿಟ್ಟು ಬರಲೇಬೇಕಾದ ದೇಶದಲ್ಲಿ ಕೈಗೆ ಬರುವ ಕೊನೆಯ ದುಡ್ಡು ಗ್ರ್ಯಾಚುಯಿಟಿ. ಯುಎಇ ಕಾನೂನಿನ ಲೆಕ್ಕ ಸರಳ. ಒಂದು ವರ್ಷ ಪೂರೈಸಿದವನಿಗೆ ಮೊದಲ 5 ವರ್ಷಗಳಿಗೆ ವರ್ಷಕ್ಕೆ 21 ದಿನದ ಸಂಬಳ, ಆಮೇಲಿನ ಪ್ರತಿ ವರ್ಷಕ್ಕೆ 30 ದಿನದ್ದು, ಒಟ್ಟು ಎರಡು ವರ್ಷದ ಸಂಬಳ ಮೀರುವಂತಿಲ್ಲ. ಆದರೆ ಸಂಬಳ ಎಂದರೆ ಇಲ್ಲಿ ಬೇಸಿಕ್ ಮಾತ್ರ. ರೂಮ್ ಅಲೋಯನ್ಸ್, ಟ್ರಾನ್ಸ್‌ಪೋರ್ಟ್, ಓವರ್‌ಟೈಮ್ ಯಾವುದೂ ಸೇರುವುದಿಲ್ಲ.

ಈಗ ಆ ಹುಡುಗನ ಎರಡೂವರೆ ಸಾವಿರಕ್ಕೆ ಬನ್ನಿ. ಆಫರ್ ಲೆಟರ್‌ನಲ್ಲಿ ಬೇಸಿಕ್ 1,000, ಉಳಿದ 1,500 ಅಲೋಯನ್ಸ್ ಎಂದಿದೆ ಎನ್ನೋಣ. ಹತ್ತು ವರ್ಷ ದುಡಿದರೆ 105 ದಿನ ಮತ್ತು 150 ದಿನ, ಒಟ್ಟು 255 ದಿನದ ಬೇಸಿಕ್. ಅಂದರೆ 8,500 ದಿರ್ಹಮ್, ಸುಮಾರು ಎರಡು ಲಕ್ಷ ರೂಪಾಯಿ. ಅದೇ ಬೇಸಿಕ್ 2,000 ಎಂದು ಬರೆದಿದ್ದರೆ 17,000 ದಿರ್ಹಮ್. ತಿಂಗಳ ಸಂಬಳದಲ್ಲಿ ಒಂದು ದಿರ್ಹಮ್ ವ್ಯತ್ಯಾಸವಿಲ್ಲ, ಹತ್ತು ವರ್ಷದ ಕೊನೆಗೆ ಅರ್ಧಕ್ಕರ್ಧ ನಷ್ಟ. ನಮ್ಮ ರೂಮಿನಲ್ಲಿದ್ದ ಬೈಂದೂರು ಕಡೆಯ ಅಣ್ಣನೊಬ್ಬರು ವೀಸಾ ಕ್ಯಾನ್ಸಲ್ ಆಗಿ ಹೊರಟ ದಿನ ಸೆಟ್ಲ್‌ಮೆಂಟ್ ಚೀಟಿ ಹಿಡಿದು, "ಇಷ್ಟೇಯಾ? ಇನ್ನೊಂದ್ಸಲ ಲೆಕ್ಕ ಹಾಕಿ ನೋಡು ಮಾರಾಯ" ಎಂದರು. ಹಾಕಿ ನೋಡಿದೆ. ಕಂಪನಿಯ ಲೆಕ್ಕ ಸರಿಯಾಗಿಯೇ ಇತ್ತು.

ಬೇಸಿಕ್ಕಿನ ಜತೆಗೆ ಇನ್ನೆರಡು ಪ್ರಶ್ನೆಗಳನ್ನೂ ಕೇಳಿ. ವೀಸಾಕ್ಕೆ ದುಡ್ಡು ಕೊಟ್ಟದ್ದು ಯಾರು? ಯುಎಇ ಕಾನೂನು ನೇಮಕಾತಿಯ ಖರ್ಚನ್ನು ಮಾಲೀಕನ ಮೇಲೆಯೇ ಹಾಕಿದೆ, ಕೆಲಸಗಾರನಿಂದ ವಸೂಲಿ ಮಾಡುವಂತಿಲ್ಲ. ನಮ್ಮ ದೇಶದಲ್ಲೂ ನೋಂದಾಯಿತ ಏಜೆಂಟ್ ಪಡೆಯಬಹುದಾದ ಶುಲ್ಕಕ್ಕೆ 30,000 ರೂಪಾಯಿಯ ಮಿತಿಯಿದೆ, ಜಿಎಸ್‌ಟಿ ಬೇರೆ. ಹೀಗಿದ್ದೂ ಹೆಂಡತಿಯ ಕರಿಮಣಿಯನ್ನು ಸೊಸೈಟಿಯಲ್ಲಿ ಅಡವಿಟ್ಟು ಲಕ್ಷಗಟ್ಟಲೆ ಕೊಟ್ಟು ಬರುವವರು ಈಗಲೂ ಇದ್ದಾರೆ. ಬಂದ ಮೊದಲ ವರ್ಷವೆಲ್ಲ ಆ ಬಡ್ಡಿಗೇ ದುಡಿಯುತ್ತಾರೆ.

ಎರಡನೆಯದು, ಹೋಗುವುದು ಕೆಲಸದ ವೀಸಾದಲ್ಲೋ, ವಿಸಿಟ್‌ನಲ್ಲೋ? ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟ್ ಸಾಮಾನ್ಯವಾಗಿ ಇಸಿಆರ್, ಅಂದರೆ ವಲಸೆ ಅನುಮತಿ ಬೇಕಾದ ವರ್ಗದ್ದು. ಅವರು ಗಲ್ಫ್‌ನ ಕೆಲಸಕ್ಕೆ ಸರಿಯಾದ ದಾರಿಯಲ್ಲಿ ಹೋದರೆ ಪ್ರವಾಸಿ ಭಾರತೀಯ ಬಿಮಾ ಯೋಜನೆ ಕಡ್ಡಾಯ. ತೆರಿಗೆ ಬಿಟ್ಟು ಎರಡು ವರ್ಷಕ್ಕೆ 275, ಮೂರು ವರ್ಷಕ್ಕೆ 375 ರೂಪಾಯಿ ಕಂತು. ಅಪಘಾತದಲ್ಲಿ ಸತ್ತರೆ ಮನೆಯವರಿಗೆ 10 ಲಕ್ಷ. "ಮೊದಲು ವಿಸಿಟ್‌ನಲ್ಲಿ ಬಾ, ಇಲ್ಲಿ ಬಂದ ಮೇಲೆ ನೋಡುವ" ಎಂಬ ಮಾತು ನಂಬಿ ವಿಮಾನ ಹತ್ತಿದವನಿಗೆ ಈ ರಕ್ಷಣೆ ಇಲ್ಲ. ಬಂದ ಮೇಲೆ ಪಾಸ್‌ಪೋರ್ಟನ್ನು ಯಾರ ಕೈಗೂ ಒತ್ತೆಯಾಗಿ ಕೊಡಬೇಡಿ ಎಂದೂ ಹೇಳಿ ಕಳಿಸಿ. ಅದನ್ನು ಕಿತ್ತಿಟ್ಟುಕೊಳ್ಳುವ ಅಧಿಕಾರ ಮಾಲೀಕನಿಗಿಲ್ಲ.

ಇಷ್ಟೆಲ್ಲ ನೋಡಿಕೊಂಡು ಹೋದರೂ 60ರ ಹತ್ತಿರ ಊರಿಗೆ ಮರಳಿದವನ ಮುಂದಿನ ದಾರಿ ಏನು? ಇಲ್ಲಿ ನಮಗೆ ಪಿಎಫ್ ಇಲ್ಲ, ಪಿಂಚಣಿಯಿಲ್ಲ. ನಮ್ಮ ರೂಮಿನ ಮಲಯಾಳಿಗಳನ್ನು ಕೇಳಿ ನೋಡಿ. ಅವರ ರಾಜ್ಯ 1996ರಲ್ಲೇ ಹೊರನಾಡಿನವರಿಗಾಗಿ ನೋರ್ಕಾ ಎಂಬ ಪ್ರತ್ಯೇಕ ಇಲಾಖೆ ತೆರೆಯಿತು. 2008ರಲ್ಲಿ ಕಾನೂನು ಮಾಡಿ ಕಲ್ಯಾಣ ಮಂಡಳಿ ಕಟ್ಟಿತು. ತಿಂಗಳು ತಿಂಗಳು ಸಣ್ಣ ಕಂತು ಕಟ್ಟಿದ ಕಾರ್ಮಿಕನಿಗೆ 60ರ ನಂತರ ಅಲ್ಲಿಂದ ಪಿಂಚಣಿ ಸಿಗುತ್ತದೆ. ಒಂದೇ ರೂಮು, ಒಂದೇ ಮೆಸ್ಸು, ಒಂದೇ ಕೆಲಸ. ಕಾಸರಗೋಡಿನವನಿಗೆ ಇರುವ ಈ ಆಸರೆ ಉಳ್ಳಾಲದವನಿಗೆ ಇಲ್ಲ. ನಮ್ಮ ರಾಜ್ಯದಲ್ಲಿ ಅನಿವಾಸಿ ಭಾರತೀಯ ಸಮಿತಿ ಇದೆ. ಕಂತು ಕಟ್ಟಿ ಪಿಂಚಣಿ ಪಡೆಯುವ ಕೇರಳದ ಮಾದರಿಯ ಮಂಡಳಿ ಇಲ್ಲ. ಅರ್ಧ ಆಯುಷ್ಯ ಹೊರಗೆ ದುಡಿದು ಊರಿನ ಮನೆ, ಮದುವೆ, ದೇವಸ್ಥಾನ, ಮಸೀದಿ, ಇಗರ್ಜಿಗಳಿಗೆಲ್ಲ ಹಣ ಕಳಿಸಿದವರ ಬಗ್ಗೆ ರಾಜ್ಯ ತೋರುತ್ತಿರುವ ಈ ಉದಾಸೀನ ತಪ್ಪು.

ಕೇಳುವ ದನಿ ನಮ್ಮದು ಸಣ್ಣದು. ಕಾನೂನು ನಮ್ಮನ್ನು ಸಾಗರೋತ್ತರ ಮತದಾರರೆಂದು ಒಪ್ಪಿದೆ, ಆದರೆ ಓಟು ಹಾಕಲು ಪಾಸ್‌ಪೋರ್ಟ್ ಹಿಡಿದು ನಮ್ಮ ಮತಗಟ್ಟೆಗೇ ಬರಬೇಕು. ರಜೆಯೂ ಟಿಕೆಟ್ಟಿನ ದುಡ್ಡೂ ಹೊಂದಿಸಿಕೊಂಡು ಬರಲು ಹೆಚ್ಚಿನವರಿಂದ ಆಗುವುದಿಲ್ಲ. ಓಟಿಲ್ಲದವರ ಬಾಗಿಲಿಗೆ ಯಾವ ಅಭ್ಯರ್ಥಿಯೂ ಬರುವುದಿಲ್ಲ. ನಿಮ್ಮ ಬಾಗಿಲಿಗೆ ಬರುತ್ತಾರೆ. ಮಂಗಳೂರು, ಉಡುಪಿ, ಕುಂದಾಪುರ, ಭಟ್ಕಳದ ಓದುಗರೇ, ಈ ಸಲ ಅವರು ಕೈಮುಗಿದು ನಿಂತಾಗ ಗಲ್ಫ್‌ನಿಂದ ಮರಳಿದವರಿಗೆ ಪಿಂಚಣಿ ಮಂಡಳಿ ಯಾವಾಗ ಮಾಡುತ್ತೀರಿ ಎಂದು ನಮ್ಮ ಪರವಾಗಿ ಕೇಳಿ.